ಪಂದಿ ಕರಿ ತಿನ್ನುವವರಿಗೆ ಧ್ಯಾನ ಯಾಕೆ ಬೇಡ?

ನಾಸಿಕದಿಂದ ಕೊಡಗಿಗೆ ಬಂದಾಗಲೆಲ್ಲ ನೆಂಟರ ಬಾಯಲ್ಲಿ ಒಂದು ಮಾತು ಇದ್ದೇ ಇರುತ್ತದೆ: "ಧ್ಯಾನ ಗೀನ ನಮಗಾಗೋದಲ್ಲ, ನಾವು ಪಂದಿ ಕರಿ ತಿನ್ನೋರು." (ಪಂದಿ ಕರಿ ಅಂದರೆ ಕೊಡಗಿನ ಹಂದಿ ಮಾಂಸದ ಅಡುಗೆ.) ತಮಾಷೆಗೇ ಹೇಳುತ್ತಾರೆ. ಆದರೆ ಒಳಗೊಳಗೆ ನಂಬಿಯೂ ಇರುತ್ತಾರೆ.

ಹಾಗೆ ನಂಬಲು ನಾನಿರುವ ಕಡೆಯ ಪದ್ಧತಿಯೂ ಕಾರಣ ಇರಬಹುದು. ನಾಸಿಕ ಜಿಲ್ಲೆಯ ಇಗತ್‌ಪುರಿಯಲ್ಲಿ ಧ್ಯಾನ ಗುರು ಎಸ್.ಎನ್. ಗೋಯೆಂಕಾ ಅವರು 1976ರಲ್ಲಿ ಶುರುಮಾಡಿದ ವಿಪಶ್ಯನ ಎಂಬ ಬೌದ್ಧ ಧ್ಯಾನದ ಕೇಂದ್ರವಿದೆ. ಹತ್ತು ದಿನದ ಶಿಬಿರ. ಬೆಳಗಿನ ಜಾವ 4ಕ್ಕೆ ಏಳಬೇಕು. ಮಾತಿಲ್ಲ, ಫೋನಿಲ್ಲ. ಊಟ ಸಸ್ಯಾಹಾರ. ಸಂಜೆ ಹೊಸಬರಿಗೆ ಹಣ್ಣು, ಚಹಾ ಅಷ್ಟೇ. ಹಳಬರಿಗೆ ಅದೂ ಇಲ್ಲ, ನಿಂಬೆ ನೀರು. ಮೊದಲ ದಿನಗಳಲ್ಲಿ ಆನಾಪಾನ ಒಂದೇ ಕೆಲಸ. ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬರುವುದನ್ನು, ಹೋಗುವುದನ್ನು ಗಮನಿಸುತ್ತಾ ಕೂರುವುದು. ಪ್ರಾಣಾಯಾಮದಂತೆ ಉಸಿರನ್ನು ಎಳೆಯುವಂತಿಲ್ಲ, ಹಿಡಿಯುವಂತಿಲ್ಲ. ಸುಮ್ನೆ ನೋಡುವುದು ಇಷ್ಟು ಕಷ್ಟವಾ ಅಂತ ಮೊದಲ ದಿನವೇ ಗೊತ್ತಾಗುತ್ತದೆ. ಶುಲ್ಕವಿಲ್ಲ. ಮುಗಿಸಿದವರು ಮನಸ್ಸಿದ್ದರೆ ಕೊಡುತ್ತಾರೆ.

ಈಗ ಕುಶಾಲನಗರದಿಂದ ಕಾವೇರಿ ದಾಟಿ. ಬೈಲಕುಪ್ಪೆ. (ಮೈಸೂರು ಜಿಲ್ಲೆಯೇ, ಆದರೆ ಪ್ರವಾಸಿಗರ ಲೆಕ್ಕದಲ್ಲಿ ಕೊಡಗು.) ಟಿಬೆಟನ್ನರು ಅರವತ್ತರ ದಶಕದಿಂದ ಅಲ್ಲಿದ್ದಾರೆ. ನಮ್ಮವರು ಅಲ್ಲಿನ ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು ವಾಪಸ್ಸಾಗುತ್ತಾರೆ. ಪಕ್ಕದ ಸೆರಾ ಮಠದಲ್ಲಿ ಭಿಕ್ಷುಗಳು ಕಾಲು ನೆಲಕ್ಕೆ ಬಡಿದು, ಚಪ್ಪಾಳೆ ತಟ್ಟಿ ಜೋರಾಗಿ ವಾದ ಮಾಡುತ್ತಾರೆ. ಇಗತ್‌ಪುರಿಯವರು ಕಂಡರೆ ಗಾಬರಿಯಾದಾರು! ಅದೂ ಬೌದ್ಧ ಅಭ್ಯಾಸವೇ.

ಊಟದಲ್ಲೂ ಹಾಗೇ. ಎತ್ತರದ ಚಳಿ ನಾಡಿನಿಂದ ಬಂದ ಟಿಬೆಟನ್ನರಿಗೆ ಮಾಂಸ ಹೊಸದಲ್ಲ. ತನಗಾಗಿಯೇ ಕೊಂದದ್ದೆಂದು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೆ ಆ ಮಾಂಸ ಬೇಡ ಅಂತ ಬುದ್ಧ ಹೇಳಿದ್ದು ಪಾಳಿ ಭಾಷೆಯ ಬೌದ್ಧ ಗ್ರಂಥಗಳಲ್ಲಿ ಒಂದಾದ ಜೀವಕ ಸುತ್ತದಲ್ಲಿದೆ. ಪೂರ್ತಿ ನಿಷೇಧ ಅಲ್ಲಿಲ್ಲ. ಹಾಗಂತ ನಾವು ಖುಷಿಪಡಬೇಕಿಲ್ಲ. ಹಬ್ಬಕ್ಕೆಂದೇ ಹಂದಿ ಕಡಿಯುವವರು ನಾವು, ಕೊಲ್ಲಬಾರದು ಅನ್ನುವುದು ಗೃಹಸ್ಥರಿಗೂ ಇರುವ ಐದು ಶೀಲಗಳಲ್ಲಿ, ಅಂದರೆ ನಡತೆಯ ನಿಯಮಗಳಲ್ಲಿ, ಮೊದಲನೆಯದು.

ನನಗೆ ಜಾಸ್ತಿ ಹಿಡಿಸುವುದು ಕೋಸಲದ ಪಸೇನದಿ ರಾಜನ ಕಥೆ. ಹೊಟ್ಟೆ ಬಿರಿಯ ಉಂಡು, ಏದುಸಿರು ಬಿಡುತ್ತಾ ಬುದ್ಧನ ಹತ್ತಿರ ಬಂದ. ಅಳತೆ ಅರಿತು ಉಣ್ಣುವವನಿಗೆ ತೊಂದರೆ ಕಡಿಮೆ, ಮುಪ್ಪೂ ನಿಧಾನ ಅಂತ ಬುದ್ಧ ಒಂದು ಪದ್ಯ ಹೇಳಿದ. ರಾಜ ಅದನ್ನು ಒಬ್ಬ ಹುಡುಗನಿಂದ ದಿನಾ ಊಟದ ಹೊತ್ತಿಗೆ ಹೇಳಿಸಿದ. ಕ್ರಮೇಣ ಊಟ ಇಳಿಯಿತು, ಮೈ ಹಗುರಾಯಿತು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ ಎದುರಿಗಿದ್ದಾಗ ಎಷ್ಟಕ್ಕೆ ನಿಲ್ಲಿಸಬೇಕು ಅಂತ ಗೊತ್ತಾಗುವುದು ಸಣ್ಣ ಸಾಧನೆಯಲ್ಲ.

ನಿಜವಾದ ತೊಡಕು ಇರುವುದು ಐದನೇ ಶೀಲದಲ್ಲಿ: ಅಮಲು ಬರಿಸುವುದನ್ನು ಕುಡಿಯಬಾರದು. ಹಂದಿಯ ನೆಪ ಹೇಳುವ ಯಾರೂ ಗ್ಲಾಸಿನ ಸುದ್ದಿ ಎತ್ತುವುದಿಲ್ಲ ನೋಡಿ. ಮಹಾರಾಷ್ಟ್ರದ ಶಿಬಿರಕ್ಕೆ ಹೋಗುವವರು ಈ ಶೀಲವನ್ನು ಹತ್ತು ದಿನವಾದರೂ ಪಾಲಿಸಲೇಬೇಕು. ನಮ್ಮಲ್ಲಿ ಮದುವೆ ಮನೆಯಲ್ಲಿ "ನನಗೆ ಬೇಡ" ಅಂದರೆ ಹುಷಾರಿಲ್ವಾ ಅಂತ ಕೇಳುತ್ತಾರೆ.

ಅದಕ್ಕೇ ನೆಂಟರಿಗೆ ನಾನು ಹೇಳುವುದು ಇಷ್ಟೇ: ಊಟದ ಜಗಳ ಆಮೇಲೆ ಇರಲಿ. ಬೆಳಿಗ್ಗೆ ಕಾಫಿಗೆ ಮೊದಲು ಹತ್ತು ನಿಮಿಷ ಉಸಿರು ನೋಡುತ್ತಾ ಕೂರಿ. ಅದಕ್ಕೆ ಹೋಮ್‌ಸ್ಟೇಯವರು ಮಾರುವ "ಮೈಂಡ್‌ಫುಲ್ ವೀಕೆಂಡ್" ಪ್ಯಾಕೇಜ್ ಬೇಕಿಲ್ಲ. ಕಲಿಸುವವರೇ ಬೇಕೆಂದರೆ ಹೊಳೆಯಾಚೆಯ ಮಠದಲ್ಲಿ ಹೋಗಿ ಕೇಳಿ, ಈ ಸಲ ಫೋಟೊ ಬಿಟ್ಟು.