ಬಳೆಯ ಪಿನ್ನು, ಬೀದಿಯ ಗುಂಡಿ

ಬೆಳಗ್ಗೆ ಹತ್ತೂವರೆಗೆ ನಮ್ಮ ಬೀದಿಗೆ ಜೆಸಿಬಿ ಬಂತು. ಹತ್ತು ನಲವತ್ತಕ್ಕೆ ನಮ್ಮ ರೌಟರಿನಲ್ಲಿ ಕೆಂಪು ದೀಪ ಮಿನುಗಿತು. ಕಿಟಕಿಯಿಂದ ನೋಡಿದರೆ, ಜೆಸಿಬಿಯ ಹಲ್ಲಿಗೆ ಕರೀ ಕೇಬಲ್ಲೊಂದು ಶಾವಿಗೆಯ ಹಾಗೆ ಸಿಕ್ಕಿ ನೇತಾಡುತ್ತಿತ್ತು. ಬೆಂಗಳೂರಿನಲ್ಲಿ ಇದನ್ನು ಅಭಿವೃದ್ಧಿ ಕಾಮಗಾರಿ ಅನ್ನುತ್ತಾರೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಮೊದಲು ಒಂದು ರೆಕಾರ್ಡಿಂಗು: ಬೇಗ ಪರಿಹಾರ ಬೇಕಿದ್ದರೆ ನಮ್ಮ ವೆಬ್‌ಸೈಟಿಗೆ ಭೇಟಿ ಕೊಡಿ. ಇಂಟರ್ನೆಟ್ ಇಲ್ಲ ಅನ್ನುವುದನ್ನು ಇಂಟರ್ನೆಟ್ಟಿನಲ್ಲೇ ಹೇಳಬೇಕಂತೆ. ಕನ್ನಡಕ್ಕೆ ಎರಡು ಒತ್ತಿದೆ, ಇಪ್ಪತ್ತು ನಿಮಿಷ ಕೊಳಲು ಕೇಳಿದೆ. ಆಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಸರ್, ರೌಟರ್ ಆಫ್ ಮಾಡಿ, 30 ಸೆಕೆಂಡ್ ಬಿಟ್ಟು ಆನ್ ಮಾಡಿ."

"ಜೆಸಿಬಿ ಕೇಬಲ್ ಕಿತ್ತು ಹಾಕಿದೆಯಮ್ಮಾ. ಕಣ್ಣೆದುರೇ ಕಾಣ್ತಿದೆ."

"ಅರ್ಥ ಆಯ್ತು ಸರ್. ಆಫ್ ಮಾಡಿದ್ರಾ?"

ಈ ಮದ್ದನ್ನು ನಾನು ಪೂರ್ತಿ ಹೀಗಳೆಯುವುದಿಲ್ಲ. ರೌಟರೂ ಒಂದು ಪುಟ್ಟ ಕಂಪ್ಯೂಟರೇ. ತಿಂಗಳುಗಟ್ಟಲೆ ಓಡಿದರೆ ಒಮ್ಮೊಮ್ಮೆ ತಲೆ ಕೆಡುತ್ತದೆ. ಆಫ್ ಮಾಡಿ ಅರ್ಧ ನಿಮಿಷ ಬಿಟ್ಟರೆ ಒಳಗೆ ಉಳಿದ ಕರೆಂಟೂ ಇಳಿದು, ಹೊಸದಾಗಿ ಎದ್ದು ಕೂರುತ್ತದೆ. ಗಂಟಲು ಕೆರೆತಕ್ಕೆ ಕಷಾಯ ಸರಿ. ಕಾಲು ಮುರಿದವನಿಗೂ ಅದನ್ನೇ ಕುಡಿಸಿದರೆ ಹೇಗೆ? ಎಲ್‌ಓಎಸ್ ಅನ್ನುವ ಆ ಕೆಂಪು ದೀಪಕ್ಕೆ ಇರುವುದು ಒಂದೇ ಅರ್ಥ: ಕೂದಲಿನಷ್ಟು ತೆಳು ಗಾಜಿನ ಎಳೆಯಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ. ಇಷ್ಟೆಲ್ಲ ಜನರ ಮಧ್ಯೆ ನಿಜ ಹೇಳುತ್ತಿದ್ದದ್ದು ಅದೊಂದೇ. ಅದರ ಬಾಯಿ ಮುಚ್ಚಿಸಲು ಮೂರು ಸಲ ಆಫ್ ಮಾಡಿಸಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಮುಂದಿನದು ಆ ಬರೆ. "ಹಿಂದೆ ಒಂದು ಸಣ್ಣ ತೂತು ಇದೆ ಸರ್. ಪಿನ್ನಿಂದ 10 ಸೆಕೆಂಡ್ ಒತ್ತಿ ಹಿಡೀರಿ." ಅಮ್ಮ ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟಳು. ಒತ್ತಿದೆ. ದೀಪಗಳೆಲ್ಲ ಒಟ್ಟಿಗೆ ಆರಿ, ಒಂದೊಂದಾಗಿ ಹತ್ತಿದವು. ಕೆಂಪು ಮಾತ್ರ ಕೆಂಪಾಗೇ ಇತ್ತು. ಹೋದದ್ದು ಬೇರೆ: ವೈಫೈ ಹೆಸರು, ಪಾಸ್‌ವರ್ಡು, ಕಂಪನಿಯವರು ತುಂಬಿಸಿಟ್ಟಿದ್ದ ಲಾಗಿನ್ನು. ಈಗ ಬ್ರೌಸರಿನಲ್ಲಿ 192.168.1.1 ಅನ್ನುವ ರೌಟರಿನ ಸೆಟ್ಟಿಂಗ್ಸ್ ಪುಟ ತೆರೆದು ಒಳಗೆ ಹೋಗಬೇಕಂತೆ. ಅದರ ಪಾಸ್‌ವರ್ಡ್ ತಳದ ಸ್ಟಿಕರಿನಲ್ಲಿದೆ. ಸ್ಟಿಕರಿನ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ ಇದೆ. ಸೊನ್ನೆಯೋ ಓ ಅಕ್ಷರವೋ, ದೇವರಿಗೇ ಗೊತ್ತು.

"ನಿಮ್ಮ ದೂರು ದಾಖಲಾಗಿದೆ ಸರ್, ಸ್ಟೇಟಸ್ ಆ್ಯಪ್‌ನಲ್ಲಿ ನೋಡಿ."

ಎರಡನೇ ದಿನ ಮೆಸೇಜ್ ಬಂತು. ನಿಮ್ಮ ಸಮಸ್ಯೆ ಬಗೆಹರಿದಿದೆ, ಐದು ಸ್ಟಾರ್ ಕೊಡಿ. ನಮ್ಮ ದೇಶದಲ್ಲಿ ಹಿಂದೆ 512 ಕೆಬಿಪಿಎಸ್ ವೇಗ ಇದ್ದರೂ ಅದು ಬ್ರಾಡ್‌ಬ್ಯಾಂಡು. 2023ರಲ್ಲಿ ಸರ್ಕಾರ ಅದನ್ನು ಕನಿಷ್ಠ 2 ಎಂಬಿಪಿಎಸ್‌ಗೆ ಏರಿಸಿತು. ನಾನು ದುಡ್ಡು ಕಟ್ಟುವುದು 100 ಎಂಬಿಪಿಎಸ್‌ಗೆ, ಬರುತ್ತಿದ್ದದ್ದು ಸೊನ್ನೆ. ಸೊನ್ನೆಗೂ ಐದು ಸ್ಟಾರ್ ಕೇಳುವ ಧೈರ್ಯ ಮೆಚ್ಚಬೇಕು.

ಗುಂಡಿ ತೋಡಿದವರನ್ನು ಕೇಳಿದೆ. "ಕೇಬಲ್ ಇಲ್ಲಿದೆ ಅಂತ ನಮಗೆ ಯಾರೂ ಹೇಳಿಲ್ಲ ಸಾರ್." ಕೇಬಲ್ಲಿನವರನ್ನು ಕೇಳಿದೆ. "ಅಗೀತೀವಿ ಅಂತ ನಮಗೆ ಯಾರೂ ಹೇಳಿಲ್ಲ ಸಾರ್." ಇಬ್ಬರೂ ಸತ್ಯವಂತರೇ.

ನಾಲ್ಕನೇ ದಿನ ಲೈನಿನ ಹುಡುಗ ಬಂದ. ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಪುಟ್ಟ ಮೆಷಿನ್ನಿನಲ್ಲಿ ಎಳೆ ಬೆಸೆದ. ಹೆಚ್ಚೆಂದರೆ ಹದಿನೈದು ನಿಮಿಷದ ಕೆಲಸ. ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ ಹೊಂಗೆ ಮರಕ್ಕೆ ನೇತುಹಾಕಿದ. ಮನೆಯೊಳಗೆ ಬಂದು ರೌಟರ್ ನೋಡಿದವನೇ ತಲೆ ಚಚ್ಚಿಕೊಂಡ.

"ಯಾರು ಸಾರ್ ಇದನ್ನ ರೀಸೆಟ್ ಮಾಡಿದ್ದು?"

"ನಿಮ್ಮ ಕಸ್ಟಮರ್ ಕೇರಿನವರೇ ಹೇಳಿದ್ದಪ್ಪಾ."

"ಅವರು ಹಂಗೇ ಹೇಳ್ತಾರೆ. ನೀವ್ಯಾಕೆ ಕೇಳೋಕೆ ಹೋದ್ರಿ?"

ಎಲ್ಲ ಹೊಸದಾಗಿ ತುಂಬಿಸಿ, ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದು, ಕಾಫಿ ಕುಡಿದು ಹೋದ.

ನಿನ್ನೆ ಬೆಳಗ್ಗೆ ಮತ್ತೆ ಜೆಸಿಬಿ ಸದ್ದು ಕೇಳಿಸಿತು. ಈ ಸಲ ಚರಂಡಿಗಂತೆ. ಅಮ್ಮ ಏನೂ ಮಾತಾಡದೆ ಬಳೆಯಿಂದ ಪಿನ್ ಬಿಚ್ಚಿ ರೌಟರಿನ ಪಕ್ಕ ಇಟ್ಟಳು.