ಸಕ್ಕರೆ ಅಚ್ಚಿಗೆ ವಾರ್ನಿಷ್ ಹಾಕಬೇಡಿ

ಹೋದ ವಾರ ಮುಂಬೈನ ಚೋರ್ ಬಜಾರಿಗೆ ಹೋಗಿದ್ದೆ. ಒಂದು ಹಳೆ ಸಾಮಾನಿನ ಅಂಗಡಿಯ ಗೋಡೆಯಲ್ಲಿ ನಮ್ಮ ಸಕ್ಕರೆ ಅಚ್ಚು, ಸಂಕ್ರಾಂತಿಗೆ ಪಾಕ ಹುಯ್ದು ಸಕ್ಕರೆ ಗೊಂಬೆ ಮಾಡುವ ಮರದ ಅಚ್ಚು, ನೇತಾಡುತ್ತಿತ್ತು. ಆನೆಯ ಅಚ್ಚು. ಅದೂ ಅರ್ಧವೇ, ಜೋಡಿ ಹಲಗೆ ಇರಲಿಲ್ಲ. ಮೇಲೆ ಫಳಫಳ ವಾರ್ನಿಷ್. ಬಟ್ಟೆಗೆ ಬಣ್ಣ ಒತ್ತುವ ಅಚ್ಚು ಅಂದರು ಅಂಗಡಿಯವರು. ಬಟ್ಟೆ ಅಚ್ಚಿನಲ್ಲಿ ಚಿತ್ರ ಉಬ್ಬಿರುತ್ತದೆ, ಸಕ್ಕರೆ ಅಚ್ಚಿನಲ್ಲಿ ಒಳಕ್ಕೆ ಕೊರೆದಿರುತ್ತದೆ ಅಂತ ತೋರಿಸಿದೆ. ಮನಸ್ಸಿಗೆ ತುಂಬಾ ಸಂಕಟವಾಯಿತು. ಯಾರದೋ ಮನೆಯ ಸಂಕ್ರಾಂತಿ ಅದು.

ಅಮ್ಮ ಮದುವೆಯಾಗಿ ಹಾಸನದಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬರುವಾಗ ಟ್ರಂಕಿನ ತಳದಲ್ಲಿ ಅಚ್ಚುಗಳನ್ನು ತಂದಿದ್ದರು. ಆನೆ, ಗಿಳಿ, ಮೀನು, ತುಳಸಿಕಟ್ಟೆ. ಹಬ್ಬಕ್ಕೆ ಎರಡು ದಿನ ಮೊದಲೇ ರಾತ್ರಿ ಅವು ಬಕೆಟ್ ನೀರಿಗೆ ಬೀಳುತ್ತಿದ್ದವು. "ಒಣ ಅಚ್ಚಿಗೆ ಪಾಕ ಹುಯ್ದರೆ ಆನೆ ಕಾಲು ಒಳಗೇ ಉಳಿಯುತ್ತೆ ಕಣೇ" ಅನ್ನುತ್ತಿದ್ದರು. ಮರ ಹೊಟ್ಟೆ ತುಂಬಾ ನೀರು ಕುಡಿದಿದ್ದರೆ ಮಾತ್ರ ಸಕ್ಕರೆ ಅಂಟದೆ ಬಿಟ್ಟುಕೊಡುತ್ತದೆ. ವಾರ್ನಿಷ್ ಹಾಕಿದ ಮರ ನೀರು ಕುಡಿಯುವುದಿಲ್ಲ. ತಿನ್ನುವ ಸಕ್ಕರೆಗೆ ಆ ಬಣ್ಣ ತಾಗಲೂಬಾರದು. ಅಲ್ಲಿಗೆ ಅಚ್ಚಿನ ಕಥೆ ಮುಗಿಯಿತು.

ಒಂದು ಕೆಜಿ ಸಕ್ಕರೆಗೆ ಸುಮಾರು ಅರ್ಧ ಲೀಟರ್ ನೀರು. ಕುದಿಯುವಾಗ ಎರಡು ಚಮಚ ಹಾಲು. ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ತೇಲುತ್ತದೆ. ತೆಳು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದೇ ಸೌಟು ಪಾಕವನ್ನು ಹಿಡಿಯಿರುವ ಪುಟ್ಟ ಪಾತ್ರೆಗೆ ಹಾಕಿ ಕಾಯಿಸಿ, ಕೈಬಿಡದೆ ತಿರುವಬೇಕು. ತಿರುವುತ್ತಾ ತಿರುವುತ್ತಾ ಸಣ್ಣ ಹರಳು ಕಟ್ಟಿ ಪಾಕ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಜೋಡಿ ಹಲಗೆ ಸೇರಿಸಿ ದಾರ ಬಿಗಿದಿಟ್ಟ ಅಚ್ಚಿಗೆ ತಕ್ಷಣ ಹುಯ್ಯಬೇಕು. ಸ್ವಲ್ಪ ತಡವಾದರೆ ಪಾತ್ರೆಯಲ್ಲೇ ಪುಡಿಪುಡಿ. ಬೇಗ ಹುಯ್ದರೆ ಗಟ್ಟಿಯಾಗದು. ದಾರ ಬಿಚ್ಚಿ ಹಲಗೆ ಬಿಡಿಸುವಾಗ ನಾವು ಮಕ್ಕಳು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಆನೆ ಸೊಂಡಿಲು ಮುರಿಯದೆ ಬಂದರೆ ಅವತ್ತು ಅಮ್ಮನ ಮುಖ ನೋಡಬೇಕಿತ್ತು!

ಪಕ್ಕದ ಮನೆಯ ಕಾಕು ಸಾತಾರಾ ಕಡೆಯವರು. ಅವರ ಹತ್ತಿರವೂ ಮರದ ಅಚ್ಚು ಇತ್ತು, ಗುಢಿ ಪಾಡ್ವಾದ, ಅಂದರೆ ಅವರ ಯುಗಾದಿಯ, ಗಾಠಿಗೆ. ಅಚ್ಚಿನ ಉದ್ದಕ್ಕೂ ದಾರ ಇಟ್ಟು ಪಾಕ ಹುಯ್ದರೆ ಸಕ್ಕರೆ ಬಿಲ್ಲೆಗಳ ಹಾರವೇ ಎದ್ದು ಬರುತ್ತಿತ್ತು. ನಾವು ಕುಸುರೆಳ್ಳು ಅನ್ನುವುದನ್ನು ಅವರು ಹಲ್ವಾ ಅಂತಾರೆ. ಸಣ್ಣ ಉರಿಯಲ್ಲಿ ಚಮಚ ಚಮಚ ಪಾಕ ಹಾಕುತ್ತಾ, ಬೆರಳಲ್ಲಿ ಆಡಿಸುತ್ತಾ ಎಳ್ಳಿಗೆ ಮುಳ್ಳು ಬರಿಸುವುದು ದಿನಗಟ್ಟಲೆಯ ಕೆಲಸ. ಸಂಕ್ರಾಂತಿಗೆ ಹೊಸ ಸೊಸೆಗೆ ಕಪ್ಪು ಸೀರೆ ಉಡಿಸಿ ಆ ಹಲ್ವಾದ ಒಡವೆ ತೊಡಿಸುತ್ತಿದ್ದರು. ನಮ್ಮ ಮನೆ ಆನೆ ಅವರ ತಟ್ಟೆಗೆ, ಅವರ ಎಳ್ಳು ಬೆಲ್ಲದ ತಿಳಗೂಳ್ ನಮ್ಮ ತಟ್ಟೆಗೆ. ಅಮ್ಮ ಮರಾಠಿ ಕಲಿತದ್ದೇ ಹಾಗೆ.

ಹಳೆ ಸಾಮಾನನ್ನು ಗೋಡೆಗೆ ಹಾಕಲೇಬಾರದು ಅಂತ ನಾನು ಹೇಳುತ್ತಿಲ್ಲ. ಯುರೋಪಿನಲ್ಲಿ ಹಿಂದೆ ಸಕ್ಕರೆ ಗೋಪುರದ ಆಕಾರದ ಗಟ್ಟಿಯಾಗಿ ಸಿಗುತ್ತಿತ್ತು. ಅದನ್ನು ತುಂಡು ಮಾಡಲು ಮನೆಗಳಲ್ಲಿ ಕಬ್ಬಿಣದ ಇಕ್ಕಳ ಇರುತ್ತಿತ್ತು. 1843ರಲ್ಲಿ ಯಾಕೋಬ್ ರಾಡ್ ಎಂಬುವರು ಸಕ್ಕರೆಯ ಚೌಕ ತುಂಡು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಗಟ್ಟಿ ಸಕ್ಕರೆ ಹೋಯಿತು, ಇಕ್ಕಳಕ್ಕೆ ಕೆಲಸವಿಲ್ಲ. ಅದು ಶೋಕೇಸಿನಲ್ಲಿ ಇರಲಿ ಬಿಡಿ. ಆದರೆ ನಮ್ಮ ಅಚ್ಚಿನ ಕೆಲಸ ಎಲ್ಲಿ ಹೋಗಿದೆ? ಸಂಕ್ರಾಂತಿ ಪ್ರತಿ ವರ್ಷ ಬರುತ್ತಿದೆಯಲ್ವಾ? ಸಕ್ಕರೆಯೂ ಅದೇ. ಅಚ್ಚು ಮಾತ್ರ ಅಟ್ಟದ ಮೇಲೆ.

ದಯವಿಟ್ಟು ಇಳಿಸಿ. ಜೋಡಿ ಹಲಗೆಗಳನ್ನು ಬೇರೆ ಮಾಡಬೇಡಿ, ಅಣ್ಣತಮ್ಮಂದಿರು ಒಂದೊಂದು ಹಂಚಿಕೊಳ್ಳಲೂ ಬೇಡಿ. ಕೆಲಸವಾದ ಮೇಲೆ ತೊಳೆದು ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಮರ ಸೀಳುತ್ತದೆ.

ಈ ಸಲ ಹಬ್ಬದ ಹಿಂದಿನ ಭಾನುವಾರ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತೇನೆ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಇರುವ ಗೆಳತಿಯರೆಲ್ಲ ಬನ್ನಿ, ಮಕ್ಕಳನ್ನೂ ಕರೆತನ್ನಿ. ಸಕ್ಕರೆ ನನ್ನದು. ಅಚ್ಚು ನಿಮ್ಮದು, ಶನಿವಾರ ರಾತ್ರಿಯೇ ನೆನೆಹಾಕಿ ತನ್ನಿ.