ಎಡಿಟಿಂಗಲ್ಲಿ ಸರಿ ಮಾಡುವ ಅಂತೆ, ಎಂತ ಸರಿ ಮಾಡುದು ಮಾರಾಯ್ರೆ?

ನಮ್ಮ ಕಡೆ ಶಾರ್ಟ್ ಫಿಲಂ ಶೂಟಿಂಗಿನಲ್ಲಿ ‘ಆ್ಯಕ್ಷನ್’ಗಿಂತ ಹೆಚ್ಚು ಸಲ ಕೇಳುವ ಮಾತು ಒಂದುಂಟು: “ಬಿಡಿ, ಎಡಿಟಿಂಗಲ್ಲಿ ಸರಿ ಮಾಡುವ.” ಹೇಳಿದವರು ಪ್ಯಾಕಪ್ ಮಾಡಿ, ಮಲ್ಪೆಯಲ್ಲಿ ಮೀನೂಟ ಹೊಡೆದು, ಮನೆಗೆ ಹೋಗಿ ಮಲಗುತ್ತಾರೆ. ಸರಿ ಮಾಡಬೇಕಾದವ ನಾನು, ಮಂಗಳೂರಿನ ಬಿಜೈಯ ಬಾಡಿಗೆ ಕೋಣೆಯಲ್ಲಿ, ಮಳೆಗೆ ಕರೆಂಟು ಹೋಗಿ ಬಂದು ಮಾಡುವಾಗ ಯುಪಿಎಸ್‌ನ ಕುಂಯ್ ಕುಂಯ್ ಕೇಳಿಕೊಂಡು.

ಈ ಸಲ ಬಂದ ಹಾರ್ಡ್ ಡಿಸ್ಕಿನ ಕಥೆ ಕೇಳಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ ಆಗ್ತದೆ. ಇವರು ಒಮ್ಮೆ ಆನ್ ಮಾಡಿದ ಕ್ಯಾಮೆರಾ ಬಂದ್ ಮಾಡಿದ ಹಾಗೇ ಕಾಣುವುದಿಲ್ಲ. ಹೀರೋ ತಲೆ ಬಾಚಿದ್ದು, ಲೈಟಿನವ ಚಾ ಕುಡಿದದ್ದು, ಯಾರದ್ದೋ ಚಪ್ಪಲಿ, ಎಲ್ಲ ಉಂಟು. ‘ನ್ಯೂ ಫೋಲ್ಡರ್’ ಒಳಗೆ ಇನ್ನೊಂದು ‘ನ್ಯೂ ಫೋಲ್ಡರ್’. ಕ್ಲ್ಯಾಪ್ ಬೋರ್ಡು ಮುಹೂರ್ತದ ಫೋಟೋಕ್ಕೆ ಹಿಡಿದದ್ದು ಬಿಟ್ಟರೆ ಆಮೇಲೆ ಪತ್ತೆಯೇ ಇಲ್ಲ. ಅದರ ಕೋಲು ಮುಚ್ಚಿದ ಫ್ರೇಮಿಗೆ ಆ ಟಪ್ ಶಬ್ದವನ್ನು ಕೂರಿಸಿದರೆ ಬೇರೆಯಾಗಿ ರೆಕಾರ್ಡ್ ಮಾಡಿದ ಆಡಿಯೋ ಸರಿಯಾಗಿ ಕೂತುಬಿಡುತ್ತದೆ. ಬೋರ್ಡು ಇಲ್ಲವಾ, ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿದರೂ ಸಾಕಿತ್ತು, ಅದಕ್ಕೂ ಬಜೆಟ್ ಬೇಕಾ? ಈಗ ನಾನು ತುಟಿ ನೋಡಿ ನೋಡಿ ಒಂದೊಂದೇ ಶಾಟ್ ಕೂರಿಸಬೇಕು. ಅದರಲ್ಲೂ ಅರ್ಧ ಮೊಬೈಲಿನಲ್ಲಿ ತೆಗೆದದ್ದು. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ, ಅದರ ಮನಸ್ಸಿಗೆ ಬಂದ ಹಾಗೆ ಏರಿಳಿದು, ಶುರುವಿಗೆ ಸರಿ ಇದ್ದ ಮಾತು ಶಾಟ್ ಮುಗಿಯುವಷ್ಟರಲ್ಲಿ ತುಟಿ ಬಿಟ್ಟು ಓಡಿರುತ್ತದೆ.

ಇನ್ನು ಮಲ್ಪೆ ಬೀಚಿನ ಸೀನು. ಇಡೀ ಸಿನಿಮಾದ ಜೀವ ಅದೇ. ಮಗಳು ಅಮ್ಮನಿಗೆ ಬೆನ್ನು ಹಾಕಿ “ಯಾನ್ ಪೋಪುಜಿ” ಅನ್ನುತ್ತಾಳೆ, ತುಳುವಿನಲ್ಲಿ ‘ನಾನು ಹೋಗುವುದಿಲ್ಲ’ ಅಂತ, ಅಷ್ಟೇ. ಆ ಹುಡುಗಿ ಚಂದ ಮಾಡಿದ್ದಾಳೆ, ಸುಳ್ಳು ಹೇಳಬಾರದು. ಆದರೆ ಮಾತು ಕೇಳಬೇಕಲ್ಲ? ಕ್ಯಾಮೆರಾದ ಮೈಕು, ಅದಕ್ಕೆ ಗಾಳಿ ತಡೆಯುವ ಕವರು ಇಲ್ಲ, ಎದುರಿಗೆ ಸಮುದ್ರ. ಗಾಳಿಯ ಗುಡುಗುಡು ಹೆಚ್ಚಾಗಿ ಕೆಳಗಿನ ಫ್ರೀಕ್ವೆನ್ಸಿಯಲ್ಲಿರುತ್ತದೆ, ಅದನ್ನು ಒಂದಿಷ್ಟು ಕತ್ತರಿಸಬಹುದು. ಶಬ್ದ ಮೈಕಿನ ಮಿತಿ ಮೀರಿ, ಅಂದರೆ ಕ್ಲಿಪ್ ಆಗಿ, ಸ್ವರ ಒಡೆದುಹೋದಲ್ಲಿ ಯಾವ ದೇವರು ಬಂದರೂ ಆಗುವುದಿಲ್ಲ. “ಎಐಯಲ್ಲಿ ಕ್ಲೀನ್ ಆಗ್ತದಲ್ಲ ಅಣ್ಣ?” ಆಗ್ತದೆ. ಹುಡುಗಿ ಕೊಡಪಾನದೊಳಗೆ ಕೂತು ಮಾತಾಡಿದ ಹಾಗೆ ಆಗ್ತದೆ. ಡಬ್ಬಿಂಗ್ ಮಾಡುವ ಅಂದರೆ ಅವಳು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದಾಳಂತೆ. ಲೊಕೇಶನ್ನಿನಲ್ಲಿ ಎಲ್ಲರೂ ಅರ್ಧ ನಿಮಿಷ ಬಾಯಿ ಮುಚ್ಚಿ ಬರೀ ಆ ಜಾಗದ ಶಬ್ದ ರೆಕಾರ್ಡ್ ಮಾಡಿದ್ದರೆ ಕಟ್‌ಗಳ ನಡುವೆ ಹಾಸಲಿಕ್ಕಾದರೂ ಏನೋ ಇರುತ್ತಿತ್ತು. ನಮ್ಮವರು ಅರ್ಧ ನಿಮಿಷ ಬಾಯಿ ಮುಚ್ಚುವುದುಂಟಾ!

ಅಡುಗೆಮನೆಯ ಸೀನು ನೋಡಿದರೆ ಗೋಡೆ ತುಂಬ ಕಪ್ಪು ಪಟ್ಟಿ ಓಡುತ್ತಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಶಟರ್ ಸೆಕೆಂಡಿನ 1/50 ಅಥವಾ 1/100 ಇಟ್ಟರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಇವರು ಯೂಟ್ಯೂಬಲ್ಲಿ ಯಾವನೋ ಅಮೆರಿಕದವನನ್ನು ನೋಡಿ 1/60 ಇಟ್ಟಿದ್ದಾರೆ. ಅಲ್ಲಿ ಕರೆಂಟೇ 60 ಹರ್ಟ್ಸ್ ಮಾರಾಯ್ರೆ! ಡೈರೆಕ್ಟರನ್ನು ಕೇಳಿದರೆ, “ಒಂಥರಾ ಮೂಡ್ ಉಂಟಲ್ಲ, ಇರ್ಲಿ ಅಣ್ಣ.”

ಕಾಪು ಲೈಟ್‌ಹೌಸಿನ ಡ್ರೋನ್ ಶಾಟ್ ಮಾತ್ರ ಕ್ಲೀನಾಗಿದೆ. ಯಾವ ಶಾರ್ಟ್ ಫಿಲಂ ಬಂದರೂ ಅದೊಂದು ಇದ್ದೇ ಇರುತ್ತದೆ. ಈ ಕಥೆಗೂ ಲೈಟ್‌ಹೌಸಿಗೂ ಎಂತ ಸಂಬಂಧವೂ ಇಲ್ಲ, ತೆಗೆದುಬಿಟ್ಟೆ. ಫೋನು ಬಂತು: “ಅಯ್ಯೋ ಅದನ್ನು ತೆಗೀಬೇಡಿ, ಡ್ರೋನಿಗೆ ಬಾಡಿಗೆ ಕೊಟ್ಟದ್ದು!”

ಹೌದಪ್ಪ. ಡ್ರೋನಿಗೆ ಬಾಡಿಗೆ, ಲೆನ್ಸಿಗೆ ಬಾಡಿಗೆ, ಊಟಕ್ಕೆ ಕೇಟರಿಂಗಿನವರಿಗೆ ಅಡ್ವಾನ್ಸು. ಎಡಿಟರಿನ ಸರದಿ ಬಂದಾಗ “ನಮ್ಮದು ಇಂಡಿಪೆಂಡೆಂಟ್ ಫಿಲಂ ಅಲ್ವಾ, ಅವಾರ್ಡ್ ಬಂದರೆ ನೋಡುವ.” ರಾಷ್ಟ್ರಪ್ರಶಸ್ತಿಯ ನಾನ್-ಫೀಚರ್ ವಿಭಾಗದಲ್ಲೂ ಸಂಕಲನಕ್ಕೆಂದೇ ಬೇರೆ ಪ್ರಶಸ್ತಿ ಉಂಟು. ಅದು ಬಂದರೆ ನನಗೇ ಬರುವುದು, ಅದರಲ್ಲಿ ನನಗೆ ಪಾಲು ಕೊಡಲಿಕ್ಕೆ ಇವರು ಯಾರು?

ದುಡ್ಡಿಲ್ಲದವರ ಮೇಲೆ ನನಗೆ ಸಿಟ್ಟಿಲ್ಲ. ಉಡುಪಿಯ ಕಾಲೇಜು ಹುಡುಗಿಯೊಬ್ಬಳು ಅಣ್ಣನ ಕ್ಯಾಮೆರಾದಲ್ಲಿ ತೆಗೆದ ಸಿನಿಮಾ ತಂದಿದ್ದಳು. ಜೊತೆಗೆ ಒಂದು ನೋಟ್‌ಬುಕ್, ಯಾವ ಟೇಕ್ ಒಳ್ಳೆಯದು, ಯಾವುದರಲ್ಲಿ ಬಸ್ಸಿನ ಹಾರ್ನ್ ಬಂದಿದೆ, ಎಲ್ಲ ಬರೆದಿದ್ದಳು. ಕೊಟ್ಟದ್ದು ಸ್ವಲ್ಪವೇ, ಆದರೆ ಹಾರ್ಡ್ ಡಿಸ್ಕ್ ಜೊತೆಗೇ ಕೊಟ್ಟಳು.

ನಮ್ಮ ಡೈರೆಕ್ಟರ್ ಮಹಾಶಯರ ಮೆಸೇಜು ಈಗ ಬಂತು: “ಅಣ್ಣಾ, ನಾಳೆ ಫೆಸ್ಟಿವಲಿಗೆ ಲಾಸ್ಟ್ ಡೇಟ್. ಇಂಗ್ಲಿಷ್ ಸಬ್‌ಟೈಟಲ್ ನೀವೇ ಹಾಕಿಬಿಡಿ, ಒಂದು ಟ್ರೈಲರ್, ಇನ್‌ಸ್ಟಾಗೆ ಒಂದು ರೀಲ್.” ಎಲ್ಲ ಹಾಕಿದ್ದೇನೆ. ಸಿನಿಮಾ ಉದ್ದಕ್ಕೂ ಸ್ಕ್ರೀನಿನ ಸರೀ ನಡುವಿಗೆ ನನ್ನ ಫೋನ್ ನಂಬರನ್ನೂ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಗೂಗಲ್ ಪೇ ಅದೇ ನಂಬರಿಗೆ. ದುಡ್ಡು ಬಂದ ಮೇಲೆ ನಂಬರಿಲ್ಲದ ಕಾಪಿ.